ಟಿಕೆಟ್ ದುಡ್ಡಲ್ಲಿ ಹಳಿಯ ಖರ್ಚು ಗಿಟ್ಟುತ್ತದೆಯೇ?

ರೈಲು ಟಿಕೆಟ್ಟಿನ ಮೇಲೆ ಸಣ್ಣ ಅಕ್ಷರದ ಒಂದು ಸಾಲನ್ನು ನೀವೂ ನೋಡಿರುತ್ತೀರಿ. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ರೈಲ್ವೆಗೆ ವಾಪಸ್ ಬರುತ್ತದೆ ಅನ್ನುವ ಸಾಲು. 2025ರ ಮಾರ್ಚ್‌ನಲ್ಲಿ ರೈಲ್ವೆ ಸಚಿವರು ಸಂಸತ್ತಿನಲ್ಲಿ ಕೊಟ್ಟ ಲೆಕ್ಕವೂ ಹೆಚ್ಚುಕಮ್ಮಿ ಹಾಗೇ ಇದೆ: ಒಬ್ಬರನ್ನು ಒಂದು ಕಿಲೋಮೀಟರ್ ಕರೆದೊಯ್ಯಲು ತಗಲುವುದು 1 ರೂಪಾಯಿ 38 ಪೈಸೆ, ಸಿಗುವುದು 73 ಪೈಸೆ. ಓದಿದವರಿಗೆ ತಾವು ಯಾರದೋ ಹಂಗಿನಲ್ಲಿ ಕೂತಿದ್ದೇವೆ ಅನ್ನಿಸಬಹುದು. ಹಾಗಂದುಕೊಳ್ಳುವ ಮೊದಲು ಆ ದುಡ್ಡು ಎಲ್ಲಿ ಹೋಗುತ್ತದೆ ಅಂತ ನೋಡೋಣ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯನ್ನೇ ತೆಗೆದುಕೊಳ್ಳಿ. 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳು. 50 ಮೀಟರ್ ಸಾಗಿದರೆ 1 ಮೀಟರ್ ಏರು. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವುದು ಒಂದು ನಾಣ್ಯದಷ್ಟು ಜಾಗದಲ್ಲಿ. ಎರಡೂ ಗಟ್ಟಿ, ಒತ್ತಿದರೆ ಟಯರಿನ ಹಾಗೆ ಅಮುಕಿಕೊಳ್ಳುವುದಿಲ್ಲ. ಹಾಗಾಗಿ ಸಮತಟ್ಟು ದಾರಿಯಲ್ಲಿ ಅಷ್ಟೇ ಭಾರ ಎಳೆಯಲು ರೈಲಿಗೆ ಲಾರಿಗಿಂತ ತುಂಬಾ ಕಡಿಮೆ ಶಕ್ತಿ ಸಾಕು. ಏರಿನಲ್ಲಿ ಅದೇ ಗುಣ ತೊಡಕಾಗುತ್ತದೆ, ಹಿಡಿತ ಸಾಲದೆ ಗಾಲಿ ಜಾರುತ್ತದೆ. ರಸ್ತೆಯಷ್ಟು ಕಡಿದಾಗಿ ಹಳಿ ಹತ್ತಲಾರದು. ಗುಡ್ಡ ಕೊರೆಯಲೇಬೇಕು, ಕಣಿವೆಗೆ ಸೇತುವೆ ಕಟ್ಟಲೇಬೇಕು, ಗಾಡಿಯನ್ನು ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು. ಕೀಮ್ಯಾನ್ ತನ್ನ ಪಾಲಿನ ಹಳಿಯುದ್ದಕ್ಕೂ ಸುತ್ತಿಗೆ, ಸ್ಪ್ಯಾನರ್ ಹಿಡಿದು ನಡೆದೇ ಹೋಗುತ್ತಾರೆ. ಸಡಿಲವಾದ ಕ್ಲಿಪ್ಪನ್ನು ಬಡಿದು ಕೂರಿಸುತ್ತಾರೆ, ಜಲ್ಲಿ ಕುಸಿದಿದೆಯಾ ಅಂತ ನೋಡುತ್ತಾರೆ. ಮಳೆಗಾಲದಲ್ಲಿ ರಾತ್ರಿಯೂ ಗಸ್ತು ಇರುತ್ತದೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತ್ತು. ಖರ್ಚು ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಗಾಡಿಯಲ್ಲಿ 100 ಜನ ಇರಲಿ, 1,000 ಜನ ಇರಲಿ, ಈ ಖರ್ಚು ಇದ್ದದ್ದೇ. ಹೊರಡಲು ನಿಂತ ಗಾಡಿಯ ಖಾಲಿ ಸೀಟಿನಲ್ಲಿ ನೀವು ಹೋಗಿ ಕೂತರೆ ಹೆಚ್ಚುವುದು ಪೈಸೆ ಲೆಕ್ಕದಲ್ಲಿ. ಫ್ರಾನ್ಸ್‌ನ ಎಂಜಿನಿಯರ್ ಜೂಲ್ ದ್ಯುಪ್ಯುಯಿ 1844ರಲ್ಲೇ ಸೇತುವೆ ಸುಂಕದ ಬಗ್ಗೆ ಇದನ್ನು ಹೇಳಿದ್ದರು: ಸುಂಕಕ್ಕೆ ಹೆದರಿ ಒಬ್ಬ ದಾಟದೇ ಹೋದರೆ ಅವನಿಗೂ ನಷ್ಟ, ಸೇತುವೆಯವರಿಗೂ ಲಾಭವಿಲ್ಲ. 1938ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಈ ತರ್ಕವನ್ನು ರೈಲಿಗೆ ತಂದರು. ಪ್ರಯಾಣಿಕ ತನ್ನಿಂದ ಹೆಚ್ಚುವ ಖರ್ಚನ್ನಷ್ಟೇ ಕೊಡಲಿ, ಹಳಿ ಸುರಂಗಗಳ ಖರ್ಚನ್ನು ತೆರಿಗೆಯಿಂದ ತುಂಬಲಿ ಎಂದರು. 1946ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಇದನ್ನು ಒಪ್ಪಲಿಲ್ಲ. ರೈಲು ಹತ್ತದವರು ಯಾಕೆ ಕೊಡಬೇಕು ಅನ್ನುವುದು ಅವರ ತಕರಾರುಗಳಲ್ಲಿ ಒಂದು. ನ್ಯಾಯವಾದ ಪ್ರಶ್ನೆಯೇ. ಆದರೆ ರಸ್ತೆ ವಿಚಾರದಲ್ಲಿ ನಾವು ಅದನ್ನು ಕೇಳುವುದು ಅಪರೂಪ, ಅಲ್ವಾ?

ನಮ್ಮಲ್ಲಿ ಈ ಕೊರತೆಯನ್ನು ಬಹುಪಾಲು ತುಂಬುವುದು ಗೂಡ್ಸ್ ಗಾಡಿಗಳು. ಕಲ್ಲಿದ್ದಲು, ಅದಿರು, ಸಿಮೆಂಟಿನ ಬಾಡಿಗೆಯಲ್ಲೇ ಪ್ರಯಾಣಿಕರ ಪಾಲೂ ಸೇರಿರುತ್ತದೆ. ನನಗೆ ತಪ್ಪು ಅನ್ನಿಸುವುದು ಇದೇ. ಬಾಡಿಗೆ ಏರಿದಷ್ಟೂ ಸರಕು ಲಾರಿ ಹತ್ತುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಸರಕಿನ ಸಿಂಹಪಾಲು ರೈಲಿನದ್ದಾಗಿತ್ತು, ಈಗ ಅದು ಮೂರನೇ ಒಂದು ಭಾಗವೂ ಇಲ್ಲ. ಮೊದಲೆಲ್ಲ ಸರ್ಕಾರ ಹಾಕಿದ ಬಂಡವಾಳಕ್ಕೆ ರೈಲ್ವೆಯೇ ಡಿವಿಡೆಂಡ್ ಕಟ್ಟುತ್ತಿತ್ತು. ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್‌ನಲ್ಲಿ ಸೇರಿದ ಮೇಲೆ ಆ ಹೊರೆ ತಪ್ಪಿತು. 2025-26ರ ಬಜೆಟ್‌ನಲ್ಲಿ 2.52 ಲಕ್ಷ ಕೋಟಿ ರೂಪಾಯಿ ಬಂಡವಾಳ ಸಿಕ್ಕಿದೆ. ಅದು ಕಟ್ಟುವುದಕ್ಕೆ. ದಿನದಿನದ ಓಡಾಟದ ಕೊರತೆ ಈಗಲೂ ಗೂಡ್ಸ್ ಗಾಡಿಯ ತಲೆ ಮೇಲೆಯೇ ಇದೆ.

ರಾಜ್ಯಗಳೂ ದುಡ್ಡು ಹಾಕುತ್ತವೆ. ತುಮಕೂರು–ದಾವಣಗೆರೆ, ಬಾಗಲಕೋಟೆ–ಕುಡಚಿ ಮಾರ್ಗಗಳನ್ನು ಕಟ್ಟುವ ಖರ್ಚಿನಲ್ಲಿ ಅರ್ಧ ಕರ್ನಾಟಕದ್ದು. ಬೀದರ್–ಕಲಬುರಗಿ ಮಾರ್ಗಕ್ಕೂ ಹೀಗೇ ಪಾಲು ಕೊಟ್ಟಿತ್ತು. 1990ರ ದಶಕದಲ್ಲಿ ಮಂಜೂರಾದ ಆ ಹಳಿಯ ಮೇಲೆ ಪೂರ್ತಿ ಓಡಾಟ ಶುರುವಾಗಿದ್ದು 2017ರ ಅಕ್ಟೋಬರ್‌ನಲ್ಲಿ. ಹಳಿ ಹಾಕಿದ ಮೇಲೆ ಎಷ್ಟು ಗಾಡಿ, ಯಾವ ಹೊತ್ತಿಗೆ ಅನ್ನುವುದು ರೈಲ್ವೆಯ ತೀರ್ಮಾನ. ಅಮೆರಿಕದಲ್ಲಿ 2008ರ ಕಾನೂನಿನ ಪ್ರಕಾರ, ಸುಮಾರು 1,200 ಕಿಲೋಮೀಟರಿಗಿಂತ ಚಿಕ್ಕದಾದ ಆಮ್‌ಟ್ರ್ಯಾಕ್ (ಅಲ್ಲಿನ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ) ಮಾರ್ಗಗಳ ಕೊರತೆಯನ್ನು, ವಾಷಿಂಗ್ಟನ್–ಬೋಸ್ಟನ್ ಮಾರ್ಗ ಬಿಟ್ಟು, ಆಯಾ ರಾಜ್ಯಗಳೇ ಕಟ್ಟಿಕೊಡಬೇಕು. ಯಾವ ಮಾರ್ಗಕ್ಕೆ ಎಷ್ಟು ಅಂತ ಲೆಕ್ಕ ಬರೆದಿರುತ್ತದೆ, ಎಷ್ಟು ಗಾಡಿ ಬೇಕು ಅಂತ ಕೇಳಲು ರಾಜ್ಯಕ್ಕೆ ದಾರಿ ಇರುತ್ತದೆ. ಅಲ್ಲಿ ರಾಜ್ಯ ಕೈ ಎತ್ತಿದರೆ ಗಾಡಿ ನಿಲ್ಲುವ ಅಪಾಯವೂ ಇದೆ. ಅದಕ್ಕೆ ಆ ಹೊರೆಯನ್ನು ರಾಜ್ಯದ ಮೇಲೆ ಹೊರಿಸಿ ಅಂತ ನಾನು ಹೇಳುತ್ತಿಲ್ಲ. ಕೇಂದ್ರವೇ ಕೊಡಲಿ, ಆದರೆ ಬೀದರ್ ಗಾಡಿಗೆ ಇಷ್ಟು, ಘಾಟಿ ಹಳಿಗೆ ಇಷ್ಟು ಅಂತ ಬಜೆಟ್‌ನಲ್ಲಿ ಬರೆದೇ ಕೊಡಲಿ.