ಡೋಸ್ ಬರೆದರೆ ಸಾಲದು, ರಕ್ತದಲ್ಲೂ ಅಳೆಯಬೇಕು

ಬ್ಲಡ್ ಕ್ಯಾನ್ಸರ್ ರೋಗಿಗೆ ದಾನಿಯ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕೋಶ) ಕೊಡುವ ಕೆಲಸ ನೋಡೋಕೆ ತುಂಬಾ ಸರಳ. ರಕ್ತ ಏರಿಸಿದ ಹಾಗೆಯೇ, ಚೀಲದಿಂದ ಟ್ಯೂಬಿನ ಮೂಲಕ ಇಳಿದು ಹೋಗುತ್ತದೆ. ಕಷ್ಟವೆಲ್ಲ ಅದರ ಹಿಂದೆ ಮುಂದೆ ಕೊಡುವ ಔಷಧಿಗಳದ್ದು. ಮೊದಲು ರೋಗಿಯ ಅಸ್ಥಿಮಜ್ಜೆಯನ್ನು ಖಾಲಿ ಮಾಡಬೇಕು. ಇಲ್ಲದಿದ್ದರೆ ಹೊಸ ಕೋಶಗಳು ನೆಲೆಯೂರುವುದಿಲ್ಲ. ಆಮೇಲೆ ಅದೇ ಹೊಸ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿ ಬೀಳದಂತೆ ತಿಂಗಳುಗಟ್ಟಲೆ ತಡೆದು ಹಿಡಿಯಬೇಕು. ಎರಡಕ್ಕೂ ಬೇಕಾದ ಔಷಧಿಗಳು ಸ್ವಲ್ಪ ಹೆಚ್ಚಾದರೂ ವಿಷವೇ.

ಮಜ್ಜೆ ಖಾಲಿ ಮಾಡಲು ಬಳಸುವ ಬುಸಲ್ಫಾನ್ ನೋಡಿ. ಹಿಂದೆ ಅದು ಮಾತ್ರೆಯಾಗಿ ಮಾತ್ರ ಸಿಗುತ್ತಿತ್ತು. ಒಬ್ಬರಿಗೆ ಬೇಗ ರಕ್ತ ಸೇರುತ್ತಿತ್ತು, ಇನ್ನೊಬ್ಬರಿಗೆ ನಿಧಾನ. ವಾಂತಿಯಾಗಿಬಿಟ್ಟರೆ ಒಳಗೆ ಎಷ್ಟು ಉಳಿಯಿತು ಅಂತ ಹೇಳುವವರೇ ಇಲ್ಲ. 1999ರಲ್ಲಿ ನರದ ಮೂಲಕ ಕೊಡುವ ಬುಸಲ್ಫಾನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅರ್ಧ ಗೊಂದಲ ಕಳೆಯಿತು. ಉಳಿದರ್ಧ ಲಿವರ್‌ನಲ್ಲಿದೆ. ಈ ಔಷಧಿಯನ್ನು ಲಿವರ್ ಗ್ಲುಟಾಥಯೋನ್ ಎಂಬ ವಸ್ತುವಿಗೆ ಕಟ್ಟಿ ಸಾಗಹಾಕುತ್ತದೆ. ಆ ವೇಗ ಎಲ್ಲರಲ್ಲೂ ಒಂದೇ ಇರುವುದಿಲ್ಲ. ಹಾಗಾಗಿ ಒಂದೇ ತೂಕದ ಇಬ್ಬರಿಗೆ ಒಂದೇ ಡೋಸ್ ಕೊಟ್ಟರೂ ರಕ್ತದಲ್ಲಿ ಬೇರೆ ಬೇರೆ ಲೆಕ್ಕ. ಜಾಸ್ತಿಯಾದರೆ ಲಿವರ್‌ನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಕಾಮಾಲೆಯೂ ಬರಬಹುದು. ಕಡಿಮೆಯಾದರೆ ಕಸಿ ಹಿಡಿಯದೇ ಹೋಗಬಹುದು, ಇಲ್ಲವೇ ಕ್ಯಾನ್ಸರ್ ಮರಳಬಹುದು.

ಅದಕ್ಕೇ ಅನೇಕ ಕಡೆ ಊಹೆಗೆ ಬಿಡದೆ ಅಳೆಯುತ್ತಾರೆ. ಡೋಸ್ ಹೋದ ಮೇಲೆ ಕೆಲವು ಗಂಟೆಗಳ ಕಾಲ ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ. ಟ್ಯೂಬು ಕೂಡಲೇ ಐಸ್ ಸೇರಬೇಕು. ಹೊರಗೆ ಬೆಚ್ಚಗೆ ಬಿಟ್ಟರೆ ಬುಸಲ್ಫಾನ್ ಅಲ್ಲೇ ಒಡೆಯುತ್ತಾ ಹೋಗುತ್ತದೆ, ರಿಪೋರ್ಟ್‌ನಲ್ಲಿ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ರಕ್ತ ತೆಗೆದ ಸಮಯವನ್ನು ನರ್ಸ್ ನಿಮಿಷದ ಸಮೇತ ಬರೆಯಬೇಕು. ಅದು ತಪ್ಪಿದರೆ ಲೆಕ್ಕವೇ ತಪ್ಪು. ಈ ಲೆಕ್ಕ ನೋಡಿಯೇ ಮುಂದಿನ ಡೋಸ್ ಏರಿಸುವುದು, ಇಳಿಸುವುದು. ಹೊಸ ಔಷಧಿ ಬಂದರೆ ಸುದ್ದಿಯಾಗುತ್ತದೆ. ಐಸ್ ಮತ್ತು ಗಡಿಯಾರದ ಈ ಕೆಲಸವನ್ನು ಯಾರೂ ಕೇಳುವುದಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಇನ್ನೊಂದು ವಿಷಯ. ಬುಸಲ್ಫಾನ್ ನಡೆಯುವಾಗ, ಅದಕ್ಕೆ ಹಿಂದಿನ 72 ಗಂಟೆಗಳಲ್ಲೂ, ಪ್ಯಾರಾಸಿಟಮಾಲ್ ಬೇಡ ಅನ್ನುತ್ತಾರೆ. ಅದು ಕೂಡ ಗ್ಲುಟಾಥಯೋನ್ ಖರ್ಚು ಮಾಡುತ್ತದೆ ನೋಡಿ. ಸುಮ್ನೆ ಜ್ವರಕ್ಕೆ ಅಂತ ನುಂಗಿದ ಮಾತ್ರೆ ಇಲ್ಲಿ ಸುಮ್ನೆ ಕೂರುವುದಿಲ್ಲ.

ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಮಜ್ಜೆ ಖಾಲಿ ಮಾಡುವ ಈ ಚಿಕಿತ್ಸೆಯನ್ನೇ ಹಗುರ ಮಾಡುವುದುಂಟು. ಉಳಿದ ಕ್ಯಾನ್ಸರ್ ಕೋಶಗಳನ್ನು ದಾನಿಯ ಕೋಶಗಳೇ ಕೊಲ್ಲಲಿ ಎಂಬ ಲೆಕ್ಕ. ವಿಷ ಕಡಿಮೆ, ನಿಜ. ಆದರೆ ರೋಗ ಮರಳುವ ಭಯ ಹೆಚ್ಚು. ಪುಕ್ಕಟೆ ಲಾಭ ಇಲ್ಲಿಲ್ಲ.

ಕಸಿಯಾದ ಮೇಲೆ 3 ಮತ್ತು 4ನೇ ದಿನ ಸೈಕ್ಲೊಫಾಸ್ಫಮೈಡ್ ಕೊಡುವ ಉಪಾಯ ಈಗ ಅನೇಕ ಕಡೆ ಬಳಕೆಯಲ್ಲಿದೆ. ರೋಗಿಯ ಮೇಲೆ ರೇಗಿ ವೇಗವಾಗಿ ಹೆಚ್ಚುತ್ತಿರುವ ದಾನಿಯ ಟಿ ಕೋಶಗಳಿಗೆ (ದೇಹವನ್ನು ಕಾಯುವ ಒಂದು ಬಗೆಯ ಬಿಳಿ ರಕ್ತಕಣ) ಅದರ ಪೆಟ್ಟು ಬೀಳುತ್ತದೆ. ಸ್ಟೆಮ್ ಸೆಲ್‌ಗಳಲ್ಲಿ ಆ ವಿಷವನ್ನು ಮುರಿಯುವ ಕಿಣ್ವ ಹೇರಳವಾಗಿದೆ, ಅವು ಬದುಕುತ್ತವೆ. ಆದರೆ ಔಷಧಿ ಒಡೆದಾಗ ಹುಟ್ಟುವ ಅಕ್ರೋಲೀನ್ ಮೂತ್ರಕೋಶವನ್ನು ಸುಡುತ್ತದೆ. ಅದನ್ನು ಹಿಡಿದು ಕಟ್ಟಲು ಮೆಸ್ನಾ ಎಂಬ ಔಷಧಿ, ತೊಳೆದು ಹಾಕಲು ಸಾಕಷ್ಟು ನೀರು. ಹೃದಯಕ್ಕೂ ಪೆಟ್ಟು ಬೀಳಬಹುದು ಎಂಬ ಕಾರಣಕ್ಕೆ ಇನ್ನೂ ಕಡಿಮೆ ಡೋಸ್ ಸಾಕೇ ಅಂತ ಪರೀಕ್ಷೆಗಳು ನಡೆದಿವೆ.

ದಾನಿಯ ಕೋಶಗಳನ್ನು ತಡೆದು ಹಿಡಿಯಲು, ಮನೆಗೆ ಹೋದ ಮೇಲೂ ಬಿಡದೆ ಬರುವ ಔಷಧಿ ಟ್ಯಾಕ್ರೊಲಿಮಸ್. ಜಪಾನಿನ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ 1984ರಲ್ಲಿ ಸಿಕ್ಕಿದ್ದು. ರಕ್ತದಲ್ಲಿ ಹೆಚ್ಚಾದರೆ ಕಿಡ್ನಿ ಬಳಲುತ್ತದೆ, ಕೈ ನಡುಗುತ್ತದೆ. ಫಂಗಸ್ ಸೋಂಕಿಗೆ ವೊರಿಕೊನಜೋಲ್ ಶುರು ಮಾಡಿದರೆ ಟ್ಯಾಕ್ರೊಲಿಮಸ್ ಅನ್ನು ಒಡೆಯುವ ಲಿವರ್ ಕಿಣ್ವಕ್ಕೇ ತಡೆ ಬೀಳುತ್ತದೆ, ಅದಕ್ಕೆ ಟ್ಯಾಕ್ರೊಲಿಮಸ್ ಡೋಸನ್ನು ಮೂರನೇ ಒಂದು ಭಾಗಕ್ಕೆ ಇಳಿಸುತ್ತಾರೆ. ವೊರಿಕೊನಜೋಲ್ ನಿಲ್ಲಿಸಿದಾಗ ಮತ್ತೆ ಏರಿಸಲು ಮರೆತರೆ ಉಲ್ಟಾ ಅಪಾಯ: ದಾನಿಯ ಕೋಶಗಳ ಮೇಲಿನ ಹಿಡಿತ ಸಡಿಲವಾಗುತ್ತದೆ. ಕ್ಲಾರಿಥ್ರೊಮೈಸಿನ್, ಗ್ರೇಪ್‌ಫ್ರೂಟ್ ರಸ ಕೂಡ ಇದೇ ಕಿಣ್ವದ ಜೊತೆ ಆಟವಾಡುತ್ತವೆ. ಕೆಮ್ಮಿಗೆ ಅಂತ ಬೇರೆ ಡಾಕ್ಟರ್ ಹತ್ತಿರ ಹೋದರೂ ಟ್ಯಾಕ್ರೊಲಿಮಸ್ ಹೆಸರನ್ನು ಮೊದಲು ಹೇಳಬೇಕು. ರಕ್ತ ಪರೀಕ್ಷೆಯ ಬೆಳಗ್ಗೆ ಮಾತ್ರೆ ನುಂಗಿಕೊಂಡು ಹೋಗಬಾರದು. ಮುಂದಿನ ಡೋಸ್‌ಗೆ ತುಸು ಮುಂಚೆ, ಮಟ್ಟ ತೀರಾ ಕೆಳಗಿರುವಾಗ ತೆಗೆದ ರಕ್ತದ ಮೇಲೇ ಡಾಕ್ಟರ್ ಲೆಕ್ಕ ಹಾಕುವುದು. ಮಾತ್ರೆ ಜೊತೆಗಿರಲಿ, ರಕ್ತ ಕೊಟ್ಟ ಮೇಲೆ ನುಂಗಿದರಾಯಿತು.