ಗಟ್ಟಿಯಾಗಿ ಊದಬೇಡಿ, ಗಾಳಿಗೆ ದಾರಿ ತೋರಿಸಿ

ಕೊಳಲನ್ನು ಮೊದಲ ಸಲ ತುಟಿಗಿಟ್ಟವರಿಗೆ ಕೇಳಿಸುವುದು ಹೆಚ್ಚಾಗಿ ಬರೀ ಉಸ್ ಎನ್ನುವ ಸದ್ದು. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ, ಇನ್ನೂ ಜೋರಾಗಿ ಊದುವುದು. ಉಸ್ ಎನ್ನುವುದು ಜಾಸ್ತಿಯಾಗುತ್ತದೆ, ಸ್ವರ ಮಾತ್ರ ಬರುವುದಿಲ್ಲ. ತಮಗೆ ದಮ್ಮು ಸಾಲದು ಅಂದುಕೊಂಡು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ದಮ್ಮಿಗೂ ಇದಕ್ಕೂ ಸಂಬಂಧ ಬಹಳ ಕಡಿಮೆ.

ತುಟಿಗಳ ಸಂದಿಯಿಂದ ತೆಳುವಾಗಿ ಹೊರಡುವ ಗಾಳಿ ಊದುವ ರಂಧ್ರವನ್ನು ದಾಟಿ ಎದುರಿನ ಅಂಚಿಗೆ ಬಡಿಯುತ್ತದೆ. ಈ ದಾರಿ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಅಂಚಿನ ಹತ್ತಿರ ಗಾಳಿ ಒಮ್ಮೆ ಕೊಳಲಿನ ಒಳಕ್ಕೆ ವಾಲುತ್ತದೆ, ಒಮ್ಮೆ ಹೊರಕ್ಕೆ. 440 ಹರ್ಟ್ಜ್‌ನ ಸ್ವರ ನುಡಿಯುವಾಗ ಸೆಕೆಂಡಿಗೆ 440 ಸಲ ಹೀಗೆ ಒಳಗೆ ಹೊರಗೆ ಆಗುತ್ತದೆ. ಈ ಲೆಕ್ಕ ಇಡುವುದು ಕೊಳವೆಯೊಳಗೆ ಕಂಪಿಸುತ್ತಿರುವ ಗಾಳಿ. ನಮ್ಮ ಉಸಿರು ಅದಕ್ಕೆ ಸರಿಯಾದ ಹೊತ್ತಿಗೆ ಸಣ್ಣ ತಳ್ಳು ಕೊಡುತ್ತದೆ, ಉಯ್ಯಾಲೆ ತೂಗಿದ ಹಾಗೆ. ಹೊತ್ತು ತಪ್ಪಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ.

ಅದಕ್ಕೇ ಕೊಳಲನ್ನು ಒಂಚೂರು ಒಳಕ್ಕೋ ಹೊರಕ್ಕೋ ತಿರುಗಿಸಿದಾಗ ಸ್ವರ ಇದ್ದಕ್ಕಿದ್ದಂತೆ ಬಂದುಬಿಡುತ್ತದೆ. ಲೋಹದ ಫ್ಲೂಟ್ ಆದರೆ ಇದನ್ನು ಕಣ್ಣಾರೆ ನೋಡಬಹುದು. ಸ್ವಲ್ಪ ಹೊತ್ತು ಊದಿ, ತುಟಿಯಿಂದ ತೆಗೆದು ತಕ್ಷಣ ನೋಡಿ. ರಂಧ್ರದ ಆಚೆ ಬದಿಯಲ್ಲಿ ಉಸಿರಿನ ಆವಿ ಕಟ್ಟಿ ಮಸುಕು ತ್ರಿಕೋನವೊಂದು ಮೂಡಿರುತ್ತದೆ. ಅದು ರಂಧ್ರದ ನಡುವಿಗೆ ನೇರವಾಗಿ, ಚಿಕ್ಕದಾಗಿ ಇದ್ದರೆ ಗಾಳಿ ಸರಿಯಾದ ಕಡೆ ಹೋಗುತ್ತಿದೆ ಎಂದರ್ಥ. ತುಂಬಾ ಅಗಲವಾಗಿದ್ದರೆ ತುಟಿಯ ಸಂದಿ ದೊಡ್ಡದಾಗಿದೆ, ಉಸಿರು ಪೋಲಾಗುತ್ತಿದೆ. ಇಷ್ಟು ಸರಳವಾದ, ಇಷ್ಟು ಪ್ರಾಮಾಣಿಕವಾದ ಗುರು ಬೇರೆ ಸಿಗುವುದು ಕಷ್ಟ.

ತಾರ ಸ್ಥಾಯಿಗೂ, ಅಂದರೆ ಮೇಲಿನ ಸ್ವರಗಳಿಗೂ, ಇದೇ ಸೂತ್ರ. ತುಟಿಯಿಂದ ಅಂಚಿಗೆ ಗಾಳಿ ತಲುಪುವ ಸಮಯ ಸುಮಾರು ಅರ್ಧಕ್ಕೆ ಇಳಿಯಬೇಕು. ಹೊಸಬರು ಜಾಸ್ತಿ ಊದಿ ಅದನ್ನು ಸಾಧಿಸುತ್ತಾರೆ, ಸ್ವರ ಕಿರುಚುತ್ತದೆ. ಪಳಗಿದವರು ಸಂದಿಯನ್ನು ಕಿರಿದು ಮಾಡಿ, ತುಟಿಯನ್ನು ತುಸು ಮುಂದೆ ತರುತ್ತಾರೆ. ಗಾಳಿಯ ವೇಗ ಏರುತ್ತದೆ, ದಾರಿ ಕಡಿಮೆಯಾಗುತ್ತದೆ. ಸ್ವರ ಮೇಲೇರಿದರೂ ಮೆದುವಾಗಿಯೇ ಇರುತ್ತದೆ.

ಕ್ಲಾರಿನೆಟ್ಟಿನ ವಿಷಯ ಇನ್ನೂ ಸೊಗಸು. ಫ್ಲೂಟ್ ಮತ್ತು ಸಾಮಾನ್ಯ ಕ್ಲಾರಿನೆಟ್ ಎರಡನ್ನೂ ಅಕ್ಕಪಕ್ಕ ಇಟ್ಟರೆ ಉದ್ದ ಹೆಚ್ಚುಕಡಿಮೆ ಒಂದೇ, 65 ಸೆಂಟಿಮೀಟರಿನ ಆಸುಪಾಸು. ಆದರೆ ಫ್ಲೂಟ್‌ನ ಅತಿ ಕೆಳಗಿನ ಸ್ವರ ಸುಮಾರು 262 ಹರ್ಟ್ಜ್, ಕ್ಲಾರಿನೆಟ್ಟಿನದು ಸುಮಾರು 147. ಹತ್ತಿರ ಹತ್ತಿರ ಒಂದು ಸ್ಥಾಯಿ ಕೆಳಗೆ! ಫ್ಲೂಟ್ ಊದುವ ರಂಧ್ರದ ಕಡೆಯೂ ಕೆಳತುದಿಯಲ್ಲೂ ಗಾಳಿಗೆ ತೆರೆದಿರುತ್ತದೆ, ಅದರೊಳಗೆ ಶಬ್ದದ ಅರ್ಧ ಅಲೆ ಹಿಡಿಸುತ್ತದೆ. ಕ್ಲಾರಿನೆಟ್ಟಿನ ಒಂದು ತುದಿಯನ್ನು ರೀಡ್, ಅಂದರೆ ಊದಿದಾಗ ಕಂಪಿಸುವ ತೆಳು ಪಟ್ಟಿ, ಮುಚ್ಚಿದಂತೆಯೇ ಇರುತ್ತದೆ, ಹಾಗಾಗಿ ಅಷ್ಟೇ ಉದ್ದದಲ್ಲಿ ಕಾಲು ಅಲೆ. ಅಲೆ ಎರಡರಷ್ಟು ಉದ್ದವಾಯಿತು, ಸ್ವರ ಕೆಳಗಿಳಿಯಿತು. ಇದರ ಇನ್ನೊಂದು ಫಲವನ್ನು ಬೆರಳುಗಳು ಅನುಭವಿಸುತ್ತವೆ. ಕೊಳಲಿನಲ್ಲಿ ಬೆರಳು ಬದಲಿಸದೆ ಊದುವ ರೀತಿಯಿಂದಲೇ ಷಡ್ಜದಿಂದ ಮೇಲೆ ಹಾರಿದರೆ ಮೇಲಿನ ಷಡ್ಜ ಸಿಗುತ್ತದೆ. ಕ್ಲಾರಿನೆಟ್ಟಿನಲ್ಲಿ ಹಾರಿದರೆ ಸಿಗುವುದು ಅದಕ್ಕೂ ಮೇಲಿನ ಪಂಚಮ. ಕೆಳಗೆ ಷಡ್ಜಕ್ಕಿದ್ದ ಬೆರಳುಗಳೇ ಮೇಲೆ ಪಂಚಮ ನುಡಿಸುತ್ತವೆ, ಕಲಿಯುವವರಿಗೆ ತಲೆ ಗಿರ್ರೆನ್ನುವುದು ಸಹಜ. ಸ್ಯಾಕ್ಸೊಫೋನಿಗೂ ರೀಡ್ ಇದೆ, ಆದರೆ ಅದರ ಕೊಳವೆ ಶಂಕುವಿನ ಆಕಾರದ್ದು. ಆಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಕೊಳಲಿನಂತೆ ಸ್ಥಾಯಿಗೆ ಸರಿಯಾಗಿ ಹಾರುತ್ತದೆ. ಮನಸ್ಸಂತೋಷಕ್ಕೆ ಕಲಿಯಲು ಹೊರಟವರು ಇದನ್ನು ಇಷ್ಟಪಡುವುದರಲ್ಲಿ ಆಶ್ಚರ್ಯವಿಲ್ಲ.

ಕೀಂ ಎನ್ನುವ ಕಿರುಚಾಟಕ್ಕೆ ರೀಡನ್ನು ಬೈಯುವ ಮೊದಲು ಬೆರಳು ನೋಡಿಕೊಳ್ಳಿ. ಬೆರಳ ತುದಿಯಲ್ಲಿ ರಂಧ್ರದ ದುಂಡಗಿನ ಅಚ್ಚು ಪೂರ್ತಿ ಮೂಡಿದೆಯಾ? ಒಂದು ಕಡೆ ಅಳಿಸಿದಂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಅಷ್ಟು ಸೋರಿದರೂ ಸಾಕು, ಒಳಗಿನ ಗಾಳಿ ಕೆಳಗಿನ ಸ್ವರ ಬಿಟ್ಟು ಮೇಲಿನದಕ್ಕೆ ಜಿಗಿಯುತ್ತದೆ.

ಮೊದಮೊದಲು ಊದಿದಾಗ ತಲೆ ಸುತ್ತುವುದುಂಟು. ಮೇಲಿಂದ ಮೇಲೆ ಜಾಸ್ತಿ ಉಸಿರು ಹೊರಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಕೂತು ಸುಮ್ನೆ ಉಸಿರಾಡಿದರೆ ಸರಿಹೋಗುತ್ತದೆ. ಓಬೋ ನುಡಿಸುವವರ ಕಷ್ಟ ಇದಕ್ಕೆ ತದ್ವಿರುದ್ಧ. ಅದರ ಜೋಡಿ ರೀಡಿನ ಸಂದಿ ಎಷ್ಟು ಚಿಕ್ಕದೆಂದರೆ ಉಸಿರು ಖರ್ಚೇ ಆಗುವುದಿಲ್ಲ, ಹೊಸ ಉಸಿರು ಎಳೆಯುವ ಮೊದಲು ಹಳೆಯದನ್ನು ಹೊರಹಾಕಬೇಕು.

ವಾದ್ಯ ತಣ್ಣಗಿದ್ದರೆ ಶ್ರುತಿ ಇಳಿದಿರುತ್ತದೆ. ಗಾಳಿ 20 ಡಿಗ್ರಿಯಿಂದ 30 ಡಿಗ್ರಿಗೆ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರಿನಿಂದ ಸುಮಾರು 349ಕ್ಕೆ ಏರುತ್ತದೆ, ಶ್ರುತಿಯೂ ಕಿವಿಗೆ ತಿಳಿಯುವಷ್ಟು ಮೇಲೇರುತ್ತದೆ. ಹಾಗಾಗಿ ಸ್ವಲ್ಪ ಊದಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಶ್ರುತಿ ನೋಡಬೇಕು.

ಇನ್ನು ದುಬಾರಿ ವಾದ್ಯದ ಆಸೆ. ಅಮೆರಿಕದ ಜಾನ್ ಕೋಲ್ಟ್‌ಮನ್ ಎಕ್ಸ್‌-ರೇ ಚಿತ್ರವನ್ನು ಪ್ರಕಾಶಮಾನವಾಗಿಸುವ ಸಾಧನ ರೂಪಿಸಿದ ಭೌತವಿಜ್ಞಾನಿ. ಫ್ಲೂಟ್ ಅವರ ಹವ್ಯಾಸ. ಅವರು ಬೆಳ್ಳಿ, ತಾಮ್ರ, ಮರ ಮೂರರಲ್ಲೂ ಒಂದೇ ಒಳ ಅಳತೆಯ ಕೊಳವೆಗಳನ್ನು ಮಾಡಿ, ಮರೆಯಲ್ಲಿ ನುಡಿಸಿ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ಗೊತ್ತಾಗಲಿಲ್ಲ. ಕೈಗೆ ಭಾರ ತಿಳಿಯದಂತೆ ಮಾಡಿದಾಗ ನುಡಿಸುವವರಿಗೂ ಗೊತ್ತಾಗಲಿಲ್ಲ. ಇದನ್ನು ಅವರು 1971ರಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ವಾದ್ಯ ಕೊಳ್ಳುವಾಗ ಬೆಳ್ಳಿಯೋ ಮರವೋ ಎಂದು ಚಿಂತಿಸುವ ಬದಲು ಊದುವ ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲೂ ಚಕ್ಕೆ ಎದ್ದಿರಬಾರದು. ಆಮೇಲೆ ಎಲ್ಲ ರಂಧ್ರಗಳನ್ನೂ ಮುಚ್ಚಿ ಅತಿ ಕೆಳಗಿನ ಸ್ವರವನ್ನು ಮೆಲ್ಲಗೆ ಊದಿ. ಅದು ಅಳುಕದೆ ಬಂದರೆ ವಾದ್ಯ ಎಲ್ಲೂ ಸೋರುತ್ತಿಲ್ಲ, ಧೈರ್ಯವಾಗಿ ತೆಗೆದುಕೊಳ್ಳಬಹುದು.