ಅರ್ಥ್ ಲೀಕೇಜ್: ನಿಲ್ಲಿಸಿಟ್ಟ ಕ್ಯಾಂಪರ್ ವ್ಯಾನ್‌ಗೆ ಪ್ಲಗ್ ಹಾಕಿದರೆ ಟ್ರಿಪ್ ಯಾಕೆ?

ಗೋವಾದಲ್ಲಿ ಜೂನ್ ಬಂತೆಂದರೆ ಕ್ಯಾಂಪರ್ ವ್ಯಾನ್‌ಗಳಿಗೆ ಕೆಲಸ ಇಲ್ಲ. ಸೆಪ್ಟೆಂಬರ್ ಮುಗಿಯುವವರೆಗೆ ಶೆಡ್ಡಿನಲ್ಲೋ, ಮನೆ ಪಕ್ಕದ ತಗಡಿನ ಚಪ್ಪರದ ಕೆಳಗೋ ನಿಂತಿರುತ್ತವೆ. ಬ್ಯಾಟರಿ ಇಳಿಯಬಾರದು, ಒಳಗೆ ಬೂಷ್ಟು ಹಿಡಿಯಬಾರದು ಅಂತ ಮನೆಯಿಂದ ವೈರ್ ಎಳೆದು ಪ್ಲಗ್ ಹಾಕಿಡುತ್ತಾರೆ. ವಾಸ್ಕೋ, ಫೋಂಡಾ ಕಡೆ ಗಾಡಿ ಇಟ್ಟುಕೊಂಡಿರುವ ನಮ್ಮ ಕನ್ನಡದವರಿಂದ ಮಳೆಗಾಲದಲ್ಲಿ ಕೇಳಿಬರುವ ದೂರು ಇದು: ವ್ಯಾನ್ ಪ್ಲಗ್ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ಆಗ ಬೀಳುವುದು, ಅಂದರೆ ಟ್ರಿಪ್ ಆಗುವುದು, ಬೋರ್ಡಿನಲ್ಲಿರುವ ಆರ್‌ಸಿಸಿಬಿ; ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಅದು. ಹಳಬರು ಇಎಲ್‌ಸಿಬಿ ಅಂತಾರೆ. ಅದನ್ನು ಬೀಳಿಸುವುದು ಅರ್ಥ್ ಲೀಕೇಜ್.

ಕರೆಂಟು ಫೇಸ್ ವೈರಿನಲ್ಲಿ ಹೋಗಿ, ಕೆಲಸ ಮಾಡಿ, ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಹೋದದ್ದೆಷ್ಟೋ ಬಂದದ್ದೂ ಅಷ್ಟೇ ಇರಬೇಕು. ನಡುವೆ ಎಲ್ಲೋ ಇನ್ಸುಲೇಶನ್ ಕೆಟ್ಟು, ಸ್ವಲ್ಪ ಕರೆಂಟು ಗಾಡಿಯ ಲೋಹದ ಮೈಗೆ (ಬಾಡಿ), ಅರ್ಥ್ ವೈರಿಗೆ ಅಥವಾ ನೇರ ನೆಲಕ್ಕೆ ಇಳಿದರೆ ಅದೇ ಅರ್ಥ್ ಲೀಕೇಜ್. ಆರ್‌ಸಿಸಿಬಿಯ ಒಳಗೆ ಉಂಗುರದ ಆಕಾರದ ಒಂದು ಕೋರ್ ಇದೆ. ಫೇಸ್, ನ್ಯೂಟ್ರಲ್ ಎರಡೂ ಅದರ ನಡುವೆ ಹಾದು ಹೋಗುತ್ತವೆ. ಎರಡರಲ್ಲೂ ಸಮ ಕರೆಂಟು ಇದ್ದರೆ ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಬಿಡುತ್ತದೆ. ವ್ಯತ್ಯಾಸ ಬಂತೋ, ಕೋರ್‌ಗೆ ಸುತ್ತಿದ ಸಣ್ಣ ಕಾಯಿಲ್‌ನಲ್ಲಿ ಕರೆಂಟು ಹುಟ್ಟಿ ಸ್ವಿಚ್ಚನ್ನು ಕೆಡವುತ್ತದೆ.

ಎಂಸಿಬಿ ಬಿದ್ದರೆ ಕಥೆ ಬೇರೆ. ಅದು ಓವರ್‌ಲೋಡ್ ಅಥವಾ ಶಾರ್ಟ್ ಸರ್ಕ್ಯೂಟ್‌ಗೆ ಬೀಳುತ್ತದೆ. ಹಾಗಾಗಿ ಬೋರ್ಡಿನ ಮುಂದೆ ನಿಂತು ಮೊದಲು ನೋಡಬೇಕಾದ್ದು, ಬಿದ್ದಿರುವುದು ಯಾವುದು ಅಂತ. ಟೆಸ್ಟ್ ಅಂತ ಬರೆದ ಪುಟ್ಟ ಬಟನ್ ಇರುವುದೇ ಆರ್‌ಸಿಸಿಬಿ. ಮನೆಗಳಲ್ಲಿ ಸಾಮಾನ್ಯವಾಗಿ ಅದರ ಮೇಲೆ 30 ಎಂಎ ಅಂತಲೂ ಬರೆದಿರುತ್ತದೆ.

ಆ 30 ಮಿಲಿಆಂಪ್ ಅನ್ನುವ ಅಂಕಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕ್ಯಾರವಾನ್ ಪ್ಲಗ್ ಹಾಕಿದರೆ ಸ್ವಿಚ್ ಟ್ರಿಪ್ ಆಗುವ ಬಗ್ಗೆ ಹುಡುಕಿದರೆ ಸಿಗುವ ಸಲಹೆಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಗ್ಯಾರೇಜಿನ ಸಾಕೆಟ್‌ನಲ್ಲಿ ಜಿಎಫ್‌ಸಿಐ ಅನ್ನುವ, ಆರ್‌ಸಿಸಿಬಿಯಂಥದ್ದೇ ಸ್ವಿಚ್ ಇರುತ್ತದೆ, ಅದು 4ರಿಂದ 6 ಮಿಲಿಆಂಪ್‌ಗೇ ಬೀಳುತ್ತದೆ. ಚಾರ್ಜರ್ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳ ಫಿಲ್ಟರ್‌ಗಳಿಂದ ಸಹಜವಾಗಿ ಸೋರುವ ಚೂರುಪಾರು ಕರೆಂಟು ಒಟ್ಟಾಗಿಯೇ ಅದನ್ನು ಕೆಡವಬಹುದು. ಅದಕ್ಕೇ ಅಲ್ಲಿಯವರು ಎಷ್ಟೋ ಸಲ ಗಾಡಿಯಲ್ಲಿ ದೋಷ ಇಲ್ಲ, ಸಾಕೆಟ್ ಸೂಕ್ಷ್ಮ ಅಂತಾರೆ. ಆ ಮಾತನ್ನು ಇಲ್ಲಿಗೆ ತಂದರೆ ತಪ್ಪಾಗುತ್ತದೆ. ನಮ್ಮ 30 ಮಿಲಿಆಂಪ್ ಆರ್‌ಸಿಸಿಬಿ 15 ಮಿಲಿಆಂಪ್‌ವರೆಗೆ ಬೀಳಬಾರದು, 30ಕ್ಕೆ ಬಿದ್ದೇ ಬೀಳಬೇಕು ಅಂತ ಮಾನದಂಡವೇ ಇದೆ. ಸರಿಯಾಗಿರುವ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತಿದೆ ಅಂದರೆ 15ಕ್ಕಿಂತ ಜಾಸ್ತಿ ಸೋರುತ್ತಿದೆ. ಮನೆಯದ್ದೇ ಒಂದಿಷ್ಟು ಸೋರಿಕೆ ಅದರಲ್ಲಿ ಸೇರಿರಬಹುದು, ಆದರೂ ಗಾಡಿಯ ಪಾಲನ್ನು ಹುಡುಕಲೇಬೇಕು. 10 ಮಿಲಿಆಂಪ್ ಆಸುಪಾಸಿನಲ್ಲೇ ಮನುಷ್ಯನ ಕೈ ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿಗೆ ಬರುತ್ತದೆ. ಸುಮ್ನೆ ಬೀಳುತ್ತೆ ಅನ್ನುವಂತಿಲ್ಲ.

ಹಾಗಾದರೆ ನಿಂತ ಗಾಡಿಯಲ್ಲಿ ಸೋರುವುದು ಎಲ್ಲಿ? ನನ್ನ ಮೊದಲ ಅನುಮಾನ ಯಾವಾಗಲೂ ಹೀಟರ್ ಕಾಯಿಲ್ ಮೇಲೆ. ಗೀಸರ್ ಇರಲಿ, ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಕ್ಯಾರವಾನ್ ಫ್ರಿಜ್ ಇರಲಿ, ಕಾಯಿಲ್‌ನ ಲೋಹದ ಕೊಳವೆಯೊಳಗೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಇನ್ಸುಲೇಶನ್ ಅದೇ. ಆ ಪುಡಿ ತೇವ ಎಳೆದುಕೊಳ್ಳುತ್ತದೆ. ದಿನಾ ಬಿಸಿಯಾಗುತ್ತಿದ್ದರೆ ಒಣಗಿರುತ್ತದೆ. ಗೋವಾದ ಮಳೆಯಲ್ಲಿ ತಿಂಗಳುಗಟ್ಟಲೆ ತಣ್ಣಗೆ ಬಿದ್ದಿದ್ದರೆ ತುದಿಯ ಸೀಲ್ ಮೂಲಕ ತೇವ ಒಳಗಿಳಿಯುತ್ತದೆ. ಇನ್ಸುಲೇಶನ್ 1 ಮೆಗಾಓಮ್ ಇದ್ದರೆ 230 ವೋಲ್ಟ್‌ಗೆ ಸೋರುವುದು ಕಾಲು ಮಿಲಿಆಂಪ್‌ಗಿಂತ ಕಡಿಮೆ. ಅದೇ 15 ಕಿಲೋಓಮ್‌ಗೆ ಇಳಿದರೆ 15 ಮಿಲಿಆಂಪ್ ದಾಟುತ್ತದೆ.

ಎರಡನೆಯ ಜಾಗ, ಗಾಡಿಯ ಹೊರಮೈಯಲ್ಲಿ ಪ್ಲಗ್ ಹಾಕುವ ಇನ್‌ಲೆಟ್. ಮುಚ್ಚಳ ಎತ್ತಿ ಟಾರ್ಚ್ ಹಾಕಿ ನೋಡಿ. ಹಿತ್ತಾಳೆ ಪಿನ್ನಿನ ಬುಡದಲ್ಲಿ ಹಸಿರು ಪುಡಿ, ರಬ್ಬರ್ ವಾಷರ್ ಹಿಂದೆ ಇರುವೆ ತಂದಿಟ್ಟ ಮಣ್ಣು, ಅದರ ಮೇಲೆ ಉಪ್ಪು ಗಾಳಿಯ ಜಿಗುಟು. ಇಷ್ಟು ಸಾಕು, ಒದ್ದೆಯಾದಾಗ ಫೇಸ್ ಪಿನ್ನಿಂದ ಅರ್ಥ್ ಪಿನ್ನಿಗೆ ಕರೆಂಟು ಹರಿಯುತ್ತದೆ. ಮಳೆ ಬಂದಾಗ ಮಾತ್ರ ಟ್ರಿಪ್ ಆಗುತ್ತಿದ್ದರೆ ಇಲ್ಲಿಂದಲೇ ಶುರು ಮಾಡಿ. ನೆಲದ ಮೇಲೆ ಬಿದ್ದಿರುವ ಎಕ್ಸ್‌ಟೆನ್ಶನ್ ವೈರಿನ ಜೋಡಣೆಗೂ ಇದೇ ಮಾತು.

ಜನರನ್ನು ಹೆಚ್ಚು ಕಂಗೆಡಿಸುವುದು ಮೂರನೆಯದು. ಫೋಂಡಾದ ಒಂದು ಶೆಡ್ಡಿನಲ್ಲಿ ಗದಗ ಕಡೆಯ ವ್ಯಾನ್ ಮಾಲೀಕರು ಎಲೆಕ್ಟ್ರಿಷಿಯನ್‌ಗೆ ಕೇಳಿದ್ದು ಇದನ್ನೇ: "ಅಣ್ಣಾ, ವ್ಯಾನಿನಾಗಿನ ಎಲ್ಲಾ ಎಂಸಿಬಿ ಆಫ್ ಮಾಡೀನಿ. ಆದ್ರೂ ಬೀಳ್ತದಲ್ರೀ?" ಅವರು ಹೇಳಿದರು: "ಆಫ್ ಮಾಡಿದ್ರ ಫೇಸ್ ಅಷ್ಟ ಕಟ್ ಆಗ್ತದ್ರೀ. ನ್ಯೂಟ್ರಲ್ ಅಲ್ಲೇ ಕುಂತಿರ್ತದ."

ವಿಷಯ ಇರುವುದೇ ಅಲ್ಲಿ. ಒಂಟಿ ಎಂಸಿಬಿ ಮತ್ತು ಸಾಕೆಟ್ ಪಕ್ಕದ ಸ್ವಿಚ್ ಎರಡೂ ಫೇಸನ್ನು ಮಾತ್ರ ಕಡಿಯುತ್ತವೆ. ಗಾಡಿಯೊಳಗೆ ನ್ಯೂಟ್ರಲ್ ಎಲ್ಲೋ ಬಾಡಿಗೆ ತಾಗಿದ್ದರೆ ಅದು ತಾಗಿಯೇ ಇರುತ್ತದೆ. ಮನೆಯಲ್ಲಿ ಗೀಸರ್ ಹಾಕುತ್ತಾರೆ ಅಂದುಕೊಳ್ಳಿ. ಗೀಸರ್‌ನಿಂದ ವಾಪಸ್ ಬರುವ ಕರೆಂಟಿನ ಒಂದು ಪಾಲು ವ್ಯಾನಿನ ನ್ಯೂಟ್ರಲ್ ಹಿಡಿದು, ಬಾಡಿಗೆ ಹೋಗಿ, ಅರ್ಥ್ ವೈರಿನಲ್ಲಿ ನೆಲಕ್ಕೆ ಇಳಿಯುತ್ತದೆ. ಲೆಕ್ಕ ತಪ್ಪಿತು, ಆರ್‌ಸಿಸಿಬಿ ಬಿತ್ತು. ಮನೆಯವರು ಗೀಸರ್ ಕೆಟ್ಟಿದೆ ಅಂತ ಬಿಚ್ಚಿಸುತ್ತಾರೆ, ತಪ್ಪು ಇರುವುದು ವ್ಯಾನಿನಲ್ಲಿ.

ನ್ಯೂಟ್ರಲ್ ಹೀಗೆ ತಾಗಲು ಇನ್ವರ್ಟರ್ ಕೂಡ ಕಾರಣವಾಗಬಹುದು. ಗಾಡಿ ತನ್ನ ಇನ್ವರ್ಟರ್‌ನಲ್ಲಿ ನಡೆಯುವಾಗ ನ್ಯೂಟ್ರಲ್ ಮತ್ತು ಅರ್ಥ್ ಅಲ್ಲೇ ಸೇರಿರಬೇಕು. ಹೊರಗಿನ ಕರೆಂಟು ಬಂದ ಕೂಡಲೇ ಆ ಜೋಡಣೆ ರಿಲೇ (ತಾನಾಗಿ ಬದಲಾಗುವ ಸ್ವಿಚ್) ಮೂಲಕ ಬಿಟ್ಟುಕೊಳ್ಳಬೇಕು. ವೈರಿಂಗ್ ಮಾಡಿದವರು ಅದನ್ನು ಖಾಯಂ ಆಗಿ ಸೇರಿಸಿಬಿಟ್ಟಿದ್ದರೆ ಟ್ರಿಪ್ ತಪ್ಪಿದ್ದಲ್ಲ.

ಪತ್ತೆ ಮಾಡುವ ದಾರಿ ಕಷ್ಟದ್ದಲ್ಲ. ಮೊದಲು ವ್ಯಾನ್ ಕಡೆಯ ತುದಿ ಕಳಚಿ, ಬರೀ ವೈರನ್ನು ಸಾಕೆಟ್‌ಗೆ ಹಾಕಿ. ಆಗಲೂ ಬಿದ್ದರೆ ವೈರೇ ಹೋಗಿದೆ. ಬೀಳದಿದ್ದರೆ ವ್ಯಾನಿನ ಎಲ್ಲಾ ಎಂಸಿಬಿ ಆಫ್ ಮಾಡಿ, ವ್ಯಾನಿಗೆ ಜೋಡಿಸಿ, ಆಮೇಲೆ ಒಂದೊಂದೇ ಆನ್ ಮಾಡಿ. ಯಾವುದಕ್ಕೆ ಬಿತ್ತೋ ಆ ಸಾಲಿನ ಸಾಮಾನುಗಳನ್ನು ಪ್ಲಗ್ ಸಮೇತ ಕಿತ್ತು ನೋಡಿ. ಎಲ್ಲಾ ಆಫ್ ಇದ್ದಾಗಲೇ ಬಿದ್ದರೆ ಇನ್‌ಲೆಟ್ ಅಥವಾ ನ್ಯೂಟ್ರಲ್. ಪ್ಲಗ್ ಪೂರ್ತಿ ಕಿತ್ತು, ಇನ್ವರ್ಟರ್ ಬಂದ್ ಮಾಡಿ, ವ್ಯಾನ್ ಕಡೆಯ ನ್ಯೂಟ್ರಲ್ ಪಿನ್ ಮತ್ತು ಅರ್ಥ್ ಪಿನ್ ನಡುವೆ ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತದೆ. ಸೊನ್ನೆ ಹತ್ತಿರ ತೋರಿಸಿದರೆ ಎರಡೂ ಎಲ್ಲೋ ಸೇರಿವೆ. ಆದರೆ ತೇವದ ಸೋರಿಕೆಯನ್ನು ಮಲ್ಟಿಮೀಟರಿನ ಸಣ್ಣ ಬ್ಯಾಟರಿ ಹಿಡಿಯದೇ ಇರಬಹುದು. ಅದಕ್ಕೆ 500 ವೋಲ್ಟ್‌ನ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಮೀಟರ್ ಬೇಕು, ಹಾಕುವ ಮೊದಲು ಚಾರ್ಜರ್, ಇನ್ವರ್ಟರ್‌ಗಳನ್ನು ಬಿಡಿಸಿರಬೇಕು. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಗೆ ಬಿಡಿ.

ಒಂದು ಅಡ್ಡದಾರಿ ಇದೆ, ಅದನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ. ಅರ್ಥ್ ಪಿನ್ ಕಿತ್ತು ಹಾಕಿದರೆ ಅಥವಾ ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬಳಸಿದರೆ ಎಷ್ಟೋ ಸಲ ಟ್ರಿಪ್ ನಿಂತೇ ಹೋಗುತ್ತದೆ. ಸರಿಹೋಯ್ತು ಅನ್ನಿಸುತ್ತದೆ. ಆದರೆ ವ್ಯಾನ್ ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಅದರ ಬಾಡಿಗೆ ಇದ್ದ ಭರವಸೆಯ ಅರ್ಥ್ ಅಂದರೆ ಆ ಒಂದು ಪಿನ್. ಅದು ಹೋದ ಮೇಲೆ ಸೋರಿದ ಕರೆಂಟಿಗೆ ಇಳಿಯಲು ದಾರಿ ಇಲ್ಲ, ಇಡೀ ಬಾಡಿಯಲ್ಲಿ ವೋಲ್ಟೇಜ್ ನಿಂತಿರುತ್ತದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಯಾರಾದರೂ ಬಾಗಿಲ ಹಿಡಿಕೆ ಮುಟ್ಟಿದರೆ ಅವರ ಮೈಯೇ ಆ ದಾರಿ. ಆರ್‌ಸಿಸಿಬಿ ಇದ್ದರೆ ಆಗ ಬೀಳುತ್ತದೆ ನಿಜ, ಆದರೆ ಶಾಕ್ ಹೊಡೆದ ಮೇಲೆ. ಅದನ್ನೂ ಬೈಪಾಸ್ ಮಾಡಿದ್ದರೆ ಬೀಳಲು ಏನೂ ಉಳಿದಿರುವುದಿಲ್ಲ. ಮಕ್ಕಳು ಆಡುವ ಅಂಗಳದಲ್ಲಿ ಅಂಥ ಗಾಡಿ ನಿಲ್ಲಿಸುವುದು ಬೇಡವೇ ಬೇಡ.

ಇನ್ನು, ಮಳೆಗಾಲವಿಡೀ 230 ವೋಲ್ಟ್ ಹಾಕಿಡುವ ಅಗತ್ಯ ಇದೆಯಾ ಅಂತಲೂ ಯೋಚಿಸಬಹುದು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಟ್ಟರೆ ಗಡಿಯಾರ, ಅಲಾರಂ, ಗ್ಯಾಸ್ ಸೆನ್ಸರ್‌ಗಳು ಅದನ್ನು ಇಳಿಸುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿಯಾದರೆ ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿದರಾಯಿತು. ಲಿಥಿಯಂ ಆದರೆ ಅರ್ಧದಷ್ಟು ಚಾರ್ಜ್‌ನಲ್ಲಿ ಕಳಚಿಟ್ಟರೂ ತಿಂಗಳುಗಟ್ಟಲೆ ತಾಳುತ್ತದೆ. ಬೂಷ್ಟಿನ ಭಯಕ್ಕೆ ಮಳೆ ಬಿಟ್ಟ ದಿನ ಬಾಗಿಲು, ಕಿಟಕಿ ತೆಗೆದು ಫ್ಯಾನ್ ಹಾಕಿ, ಆ ಹೊತ್ತಿಗಷ್ಟೇ ಪ್ಲಗ್ ಹಾಕಿ. ಹಾಕುವ ಮೊದಲು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಾಯಿಸುವವರೆಗೆ ವ್ಯಾನಿಗೆ ಕರೆಂಟು ಕೊಡಬೇಡಿ.